ಬೆನ್ನಿಗೆ ಕಿವಿಗೊಟ್ಟವಳು

ಶಹಾಬಾದಿನ ಯಶೋಧರಾ ನರ್ಸಿಂಗ್ ಓದುವಾಗ ತರಬೇತಿಗೆಂದು ಸೇಡಂ ಆಸ್ಪತ್ರೆಗೆ ಬಂದಳು. ಗಂಡಸರ ವಾರ್ಡಿನಲ್ಲಿ ಅವಳ ಪಾಲಿಗೆ ಬಂದ ಮೊದಲ ರೋಗಿ ತೆಂಗಳಿಯ ಹಣಮಪ್ಪ. ಹರೆಯವನ್ನೆಲ್ಲ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವುದರಲ್ಲೇ ಕಳೆದ ಮುದುಕ. ಕಲ್ಲಿನ ಧೂಳು ಎದೆಯೊಳಗೆ ಗಟ್ಟಿಯಾಗಿ ಕೂತಿತ್ತು. ವಾಸಿಯಾಗುವ ರೋಗವಲ್ಲ ಎಂದು ಡಾಕ್ಟರು ಹೇಳಿದ್ದರು.

"ಮುತ್ಯಾ, ನಿದ್ದಿ ಹತ್ತಿತ್ತೇನ್ರಿ? ಏನರ ಉಂಡ್ರೇನು? ಎಲ್ಲಿ ನೋಯ್ಲಿಕತ್ತದ?" ಎಂದು ತರಗತಿಯಲ್ಲಿ ಕಲಿತಂತೆ ಒಂದೇ ಸಮನೆ ಕೇಳಿದಳು. ಉತ್ತರಿಸಲು ಹೋದ ಹಣಮಪ್ಪನ ತುಟಿ ಎರಡೇ ಮಾತಿಗೆ ನೀಲಿಗಟ್ಟಿತು. ಪಕ್ಕದಲ್ಲಿದ್ದ ಹೆಂಡತಿ ಮಹಾದೇವಮ್ಮ ಮೆಲ್ಲಗೆ ಅವಳ ಕೈ ಹಿಡಿದಳು.

"ಮಾತಾಡಸಬ್ಯಾಡವ್ವಾ. ಒಂದ್ ಮಾತಂದ್ರ ಅವರಿಗಿ ಗುಡ್ಡ ಹತ್ತಿದಂಗ ಆಗ್ತದ."

ಅಂದಿನಿಂದ ಯಶೋಧರಾ ತಲೆಯಾಡಿಸಿದರೆ ಸಾಕಾಗುವಂಥ ಪ್ರಶ್ನೆಗಳನ್ನಷ್ಟೇ ಕೇಳತೊಡಗಿದಳು. ಮಲಗಿದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಎದುರಿಗೆ ಮೇಜಿಟ್ಟು, ಅದರ ಮೇಲೆ ದಿಂಬಿಟ್ಟು, ಮುಂದಕ್ಕೆ ಒರಗಿಸಿ ಕೂರಿಸುವುದನ್ನು ಕಲಿತಳು. ಹಾಗೆ ಕೂತವನ ಬೆನ್ನಿಗೆ ಸ್ಟೆತಾಸ್ಕೋಪ್ ಹಚ್ಚಿದರೆ ಚರಚರ ಸದ್ದು ಕೇಳುತ್ತಿತ್ತು. ಗಂಜಿ ಕುಡಿಸುವಾಗ ಪ್ರತಿ ಚಮಚದ ನಡುವೆ ಅವನ ಉಸಿರು ಹದಕ್ಕೆ ಬರುವವರೆಗೆ ಕಾಯುತ್ತಿದ್ದಳು.

ಒಮ್ಮೆ ಹಣಮಪ್ಪನೇ ಕಷ್ಟಪಟ್ಟು ಕೇಳಿದ: "ನಿಮ್ಮಪ್ಪ... ಏನ್ ಮಾಡ್ತಾನ?"

"ಫರಸಿ ಪಾಲಿಶ್ ಮಷೀನಿನ ಮ್ಯಾಲ ಇದ್ದಾನ್ರಿ ಮುತ್ಯಾ."

ಅವನು ಬಹಳ ಹೊತ್ತು ಅವಳ ಮುಖ ನೋಡಿದ. "ಕೆಮ್ಮು?"

ಅಪ್ಪ ದಶರಥನ ಕೆಮ್ಮು ವರ್ಷಗಳಿಂದ ಇತ್ತು. ಮನೆಯವರು ಅದನ್ನು ಗಮನಿಸುವುದನ್ನೇ ಬಿಟ್ಟಿದ್ದರು. ಯಶೋಧರಾ ಹೌದೆಂದು ತಲೆಯಾಡಿಸಿದಳು. ಮುದುಕ ಅವಳ ತಲೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ.

ಅದೇ ವಾರ ಹಣಮಪ್ಪ ತೀರಿಕೊಂಡ. ಮೈ ಒರೆಸುವ ಕೆಲಸ ಅವಳಿಗೇ ಬಂತು. "ನಾನೂ ಕೈ ಹಚ್ಚಲೇನವ್ವಾ?" ಎಂದಳು ಮಹಾದೇವಮ್ಮ. ಇಬ್ಬರೂ ಸೇರಿ ಬಿಸಿನೀರಿನ ಬಟ್ಟೆಯಿಂದ ಒರೆಸಿದರು. ಕೊನೆಗೆ ಅವನನ್ನು ಅಂಗಾತ ಮಲಗಿಸಿದಾಗ ಮುದುಕಿ ಗಂಡನ ಎದೆ ಸವರಿ, "ಹಾಸಿಗಿಗಿ ಬೆನ್ನ ಹಚ್ಚಿ ಎಷ್ಟ್ ದಿನಾ ಆಗಿತ್ರಿ. ಈಗ ಮಲಕೋರಿ" ಅಂದಳು. ಯಶೋಧರಾ ಪರದೆಯ ಹಿಂದೆ ಹೋಗಿ ಅತ್ತಳು.

ರಜೆಗೆ ಊರಿಗೆ ಹೋದಾಗ, ಜಳಕ ಮಾಡಿ ಕೂತ ಅಪ್ಪನ ಬೆನ್ನಿಗೆ ಸ್ಟೆತಾಸ್ಕೋಪ್ ಹಚ್ಚಿದಳು.

"ನನ್ನ ಮ್ಯಾಲೇ ಕಲೀಲಿಕತ್ತೀಯೇನು?" ದಶರಥ ನಕ್ಕ.

ಹಣಮಪ್ಪನ ಬೆನ್ನಲ್ಲಿ ಕೇಳಿದ್ದ ಚರಚರ ಸದ್ದೇ ಇಲ್ಲೂ ಇತ್ತು. ಅವಳು ಬೆನ್ನ ಮೇಲಿನ ಕೈಯನ್ನು ತೆಗೆಯಲೇ ಇಲ್ಲ. ಅಪ್ಪನ ನಗು ನಿಂತಿತು.

"ನನಗ ಗೊತ್ತದ ಯಶೂ. ನಿನ್ನ ಓದು ಮುಗೀಲಿ ಅಂತ ಸುಮ್ಮಕಿದ್ದೆ."

"ನಾಳಿಂದ ಮಷೀನಿಗಿ ಹೋಗಬ್ಯಾಡಪ್ಪಾ."

ಹೋಗಲಿಲ್ಲ. ಆದರೆ ಎದೆಯೊಳಗೆ ಹೊಕ್ಕ ಧೂಳು ಹೊರಬರುವಂಥದ್ದಲ್ಲ. ಮಗಳಿಗೆ ಹತ್ತಿರದ ವಾಡಿಯಲ್ಲಿ ನರ್ಸ್ ಕೆಲಸ ಸಿಕ್ಕಿದ್ದನ್ನು ನೋಡುವಷ್ಟು ಕಾಲ ಅವನು ಬದುಕಿದ. ಅವಳು ನಿತ್ಯ ಮನೆಯಿಂದಲೇ ಕೆಲಸಕ್ಕೆ ಹೋಗಿಬಂದು ಅಪ್ಪನ ಆರೈಕೆ ಮಾಡಿದಳು. ಅವನ ಕಣ್ಣು ನೋಡಿಯೇ ನೀರು ಬೇಕೋ ಗಾಳಿ ಬೇಕೋ ತಿಳಿಯುತ್ತಿದ್ದಳು. ಆದರೂ ಅವನು ಹೋದ ಗಳಿಗೆಯಲ್ಲಿ ಅವಳು ವಾಡಿಯಲ್ಲಿ ಬೇರೊಬ್ಬರ ತಂದೆಗೆ ಮಾತ್ರೆ ನುಂಗಿಸುತ್ತಿದ್ದಳು.

ಕೆಲಸಕ್ಕೆ ಮರಳಿದ ದಿನ ವಾರ್ಡಿನ ಬಾಗಿಲಿಗೇ ಒಂದು ಕೆಮ್ಮು ಕೇಳಿಸಿತು. ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಂತಳು. ಆಮೇಲೆ ಮುಖ ಒರೆಸಿಕೊಂಡು ಒಳಗೆ ಹೋದಳು.