ಊರಿಗೆ ಹಲ್ಲು ಕೊಟ್ಟವನ ಅಡುಗೆ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದೆ, ಒಂದೇ ಕಿಟಕಿಯ ಕೋಣೆಯಲ್ಲಿ ಕೂತು ಅವನು ಹಲ್ಲು ಸೆಟ್ಟು ಮಾಡುತ್ತಾನೆ. ಡಾಕ್ಟರು ಅಳತೆ ತೆಗೆದು ಕಳಿಸಿದರೆ ಮುಗಿಯಿತು; ಅಚ್ಚು ಹೊಯ್ಯುವುದು, ಮೇಣದಲ್ಲಿ ಹಲ್ಲು ಜೋಡಿಸುವುದು, ಉಜ್ಜಿ ಹೊಳಪು ಬರಿಸುವುದು ಎಲ್ಲ ಇವನ ಪಾಲು. ಬೀದಿಯವರು ಅವನನ್ನು ಹಲ್ಲಪ್ಪ ಅನ್ನುತ್ತಾರೆ. ಮುದುಕರು ದಾರಿಯಲ್ಲೇ ನಿಲ್ಲಿಸಿ, "ಹಲ್ಲಪ್ಪ, ನಿನ್ನ ಪುಣ್ಯದಿಂದ ನಿನ್ನೆ ಇಡೀ ಸೇಬು ಕಚ್ಚಿ ತಿಂದೆ ನೋಡು" ಎಂದು ಬಾಯಿ ಅಗಲಿಸಿ ತೋರಿಸುವುದೂ ಉಂಟು.

ಇಂಥವನ ಮನೆಯಲ್ಲೇ ಅಪ್ಪನದು ಬೊಚ್ಚುಬಾಯಿ.

ಅಪ್ಪ ಬಡಗಿ. ಕೈ ನಡುಗತೊಡಗಿದ ಮೇಲೆ ಉಳಿ ಕೆಳಗಿಟ್ಟ, ಆದರೆ ಕಣ್ಣು ಇನ್ನೂ ಕೆಲಸ ಬಿಟ್ಟಿಲ್ಲ. ಯಾರ ಮನೆಗೆ ಹೋದರೂ ಮೊದಲು ಬಾಗಿಲ ಚೌಕಟ್ಟು ನೋಡುತ್ತಾನೆ, ಆಮೇಲೆ ಮನೆಯವರನ್ನು. ಕೊನೆಯ ಹಲ್ಲೂ ಹೋದಾಗ ಮಗ ಒಂದು ಸೆಟ್ಟು ಮಾಡಿಕೊಟ್ಟ. ಅಪ್ಪ ಎರಡು ದಿನ ಹಾಕಿಕೊಂಡು, ತೆಗೆದು ಲೋಟದಲ್ಲಿಟ್ಟ.

"ಸರಿ ಇಲ್ಲ."

ಮಗ ಇನ್ನೊಂದು ಮಾಡಿದ. ಅದೂ ಲೋಟಕ್ಕೇ ಹೋಯಿತು.

"ಎಲ್ಲಿ ನೋಯುತ್ತೆ ಹೇಳಪ್ಪ."

"ನೋಯಲ್ಲ."

"ಮತ್ತೇನು?"

"ಸರಿ ಇಲ್ಲ ಅಂದ್ನಲ್ಲ."

ಮೂರನೆಯದಕ್ಕೂ ಅದೇ ಗತಿಯಾಯಿತು. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ ಎಂದು ಅವನು ಹೆಂಡತಿಯ ಹತ್ತಿರ ಗೊಣಗಿದ. ಅಪ್ಪ ಎಲ್ಲವನ್ನೂ ಸಾರಲ್ಲಿ ಹಿಸುಕಿ ನುಂಗುತ್ತ, ಅರ್ಧ ತಟ್ಟೆಗೇ ಎದ್ದುಬಿಡುತ್ತಿದ್ದ. ಅಂಗಿಯ ಕಾಲರು ದೊಡ್ಡದಾಗುತ್ತ ಬಂತು.

ಒಂದು ಭಾನುವಾರ ಅಕ್ಕ ಮತ್ತು ಭಾವ ಸಂಜೆ ಊಟಕ್ಕೆ ಬರುತ್ತೇವೆ ಅಂದರು. ಅವನಿಗೊಂದು ಹಟ ಹುಟ್ಟಿತು: ಹಲ್ಲೇ ಬೇಡದಂಥ ಮಾಂಸ ಮಾಡಿ ಅಪ್ಪನಿಗೆ ಹೊಟ್ಟೆ ತುಂಬ ಉಣಿಸಬೇಕು. ಅಮ್ಮ ಇದ್ದಾಗ ಮಾಡುತ್ತಿದ್ದಳು, ಇಡೀ ತುಂಡನ್ನು ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿಟ್ಟು ಮಧ್ಯಾಹ್ನವೆಲ್ಲ ಸಣ್ಣ ಉರಿಯಲ್ಲಿ ಬೇಯಿಸುವುದು. ಚಮಚ ತಾಗಿದರೆ ಎಳೆ ಎಳೆಯಾಗಿ ಬಿಡುತ್ತಿತ್ತು.

ಮಾಂಸದಂಗಡಿಯವನು ಕುರಿಯ ಭುಜದ ತುಂಡು ಕಟ್ಟಿಕೊಡುತ್ತ, "ಇದು ಅವಸರದವರಿಗಲ್ಲ. ಸುಮ್ಮನೆ ಬಿಟ್ಟರೆ ಬೆಣ್ಣೆ, ಕೆಣಕಿದರೆ ಚಪ್ಪಲಿ" ಅಂದ.

ಅವನು ತುಂಡನ್ನು ದಾರದಿಂದ ಬಿಗಿದು, ಉಪ್ಪು, ಕಾಳುಮೆಣಸಿನ ಪುಡಿ ಸವರಿ, ಎಣ್ಣೆಯಲ್ಲಿ ಎಲ್ಲ ಮಗ್ಗುಲೂ ಕೆಂಪಗೆ ಹುರಿದ. ಸುತ್ತ ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್ಟು ಜೋಡಿಸಿ, ಮೂಳೆ ಬೇಯಿಸಿದ ನೀರನ್ನು ಅರ್ಧಕ್ಕೆ ಬರುವಷ್ಟು ಹೊಯ್ದ. ಆಲೂಗಡ್ಡೆ ಕೊನೆಗೆ ಹಾಕಲೆಂದು ಪಕ್ಕಕ್ಕಿಟ್ಟು, ಮುಚ್ಚಳ ಮುಚ್ಚಿ, ಉರಿ ತಗ್ಗಿಸಿ, "ಇನ್ನು ಯಾರೂ ಮುಟ್ಟಕೂಡದು" ಎಂದು ಮನೆಗೆಲ್ಲ ಕೇಳುವ ಹಾಗೆ ಹೇಳಿದ.

ಸ್ನಾನ ಮುಗಿಸಿ ಬಂದರೆ ಅಪ್ಪ ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಫೋರ್ಕು ಹಿಡಿದು ನಿಂತಿದ್ದ.

"ಅಪ್ಪ!"

"ಇನ್ನೂ ಕಲ್ಲಿದ್ದ ಹಾಗಿದೆ. ಉರಿ ಸಾಲದು."

"ಸಾಲುತ್ತೆ. ಆವಿ ಹೋದರೆ ಬೇಯಲ್ಲ. ಹೋಗಿ ಕೂತ್ಕೋ."

ಅಪ್ಪ ಹೋದ. ಅವನು ಬ್ರೆಡ್ಡು ತರಲು ಬೇಕರಿಗೆ ಹೋಗಿ ಬರುವಷ್ಟರಲ್ಲಿ ಅಪ್ಪ ಮತ್ತೆ ಬಂದು ಉರಿ ಏರಿಸಿದ್ದ. ಮೆಟ್ಟಿಲ ಮೇಲೇ ಕರಕಲು ವಾಸನೆ. ನೀರು ಬತ್ತಿ, ಈರುಳ್ಳಿ ತಳ ಹಿಡಿದಿತ್ತು.

"ನಾನು ಬಟ್ಟೆ ಒಣಗಿಸ್ತಿದ್ದೆ ರೀ" ಅಂದಳು ಹೆಂಡತಿ. "ಮಾವನ್ನ ಕಟ್ಟಿಹಾಕೋಕಾಗುತ್ತಾ?"

ಅವನು ತುಂಡನ್ನು ಎತ್ತಿ, ಪಾತ್ರೆ ಉಜ್ಜಿ, ಹೊಸ ಈರುಳ್ಳಿ ಹೆಚ್ಚಿ, ಮೊದಲಿನಿಂದ ಕೂರಿಸಿದ. ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಗೋ ಸಿಟ್ಟಿಗೋ ಅವನಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಅಕ್ಕ, ಭಾವ ಬಂದೇಬಿಟ್ಟರು, ಹೇಳಿದ್ದಕ್ಕಿಂತ ಮೊದಲೇ. ಅಕ್ಕ ನೇರ ಅಡುಗೆಮನೆಗೆ ಬಂದು ಮುಚ್ಚಳ ತೆಗೆದಳು.

"ಅಮ್ಮ ಇದಕ್ಕೆ ಕ್ಯಾರೆಟ್ ಹಾಕ್ತಿರಲಿಲ್ಲ ಕಣೋ."

ಅವನು ಹಲ್ಲು ಕಚ್ಚಿ, ಅವಳ ಕೈಯಿಂದ ಮುಚ್ಚಳ ಕಸಿದು ಮುಚ್ಚಿದ. ಊಟದ ಹೊತ್ತು ಮೀರಿತು. ಭಾವ "ಪರವಾಗಿಲ್ಲ, ಪರವಾಗಿಲ್ಲ" ಅನ್ನುತ್ತಲೇ ಬ್ರೆಡ್ಡನ್ನೆಲ್ಲ ಖಾಲಿ ಮಾಡಿದ. ಮಾತು ಮುಗಿದು, ಟಿವಿ ಹಾಕಿ, ಅದೂ ಬೇಜಾರಾದ ಮೇಲೆ ಕೊನೆಗೂ ಮಾಂಸ ಬೆಂದಿತು. ದಾರ ಬಿಚ್ಚಿದ್ದೇ ತಡ, ತಾನಾಗಿ ಕಳಚಿಕೊಂಡಿತು. ಮೊದಲ ತುಂಡನ್ನು ಅಪ್ಪನಿಗೇ ಬಡಿಸಿ, ಮೇಲೆ ದಪ್ಪ ರಸ ಹೊಯ್ದು, ನಿಂತೇ ನೋಡಿದ.

ಅಪ್ಪ ಒಂದು ಚಮಚ ಬಾಯಿಗಿಟ್ಟುಕೊಂಡು ವಸಡಲ್ಲೇ ಆಡಿಸಿದ.

"ಯಾರಿಗೆ ಮಾಡಿದ್ದಪ್ಪ ಇದು? ತೊಟ್ಟಿಲ ಕೂಸಿಗಾ? ಕಚ್ಚೋಕೆ ಏನಾದ್ರೂ ಬೇಡ್ವಾ?"

ಅವನು ಸೌಟನ್ನು ಮೇಜಿನ ಮೇಲೆ ಕುಕ್ಕಿದ. "ಕಚ್ಚೋಕೆ ಅಂತಾನೇ ಮೂರು ಸಲ ಹಲ್ಲು ಮಾಡ್ಕೊಟ್ಟೆ! ಊರೆಲ್ಲ ನನ್ನ ಹಲ್ಲಲ್ಲಿ ತಿನ್ನುತ್ತೆ, ನಿನಗೆ ಮಾತ್ರ ಆಗಲ್ಲ. ಏನಪ್ಪ ಅದರಲ್ಲಿ ಕುಂದು? ಇವತ್ತು ಹೇಳಲೇಬೇಕು."

ಭಾವ ತಟ್ಟೆ ನೋಡತೊಡಗಿದ. ಅಪ್ಪ ಅಳಿಯನ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಹೇಳಿದ: "ಟಕ್ ಟಕ್ ಅನ್ನುತ್ತೆ."

"ಏನು?"

"ಅಗಿಯುವಾಗ ಸದ್ದು. ಸಡಿಲ ಬಾಗಿಲು ಗಾಳಿಗೆ ಬಡಿದ ಹಾಗೆ. ಅಳಿಯನ ಮುಂದೆ ಟಕ್ ಟಕ್ ಅನ್ನಿಸ್ಕೊಂಡು ಕೂರ್ಲಾ?"

"ಇಷ್ಟು ದಿನ ಹೇಳೋಕೇನಾಗಿತ್ತು?"

"ನೀನು ಕೇಳಿದ್ದು ನೋಯುತ್ತಾ ಅಂತ. ಸದ್ದು ಬರುತ್ತಾ ಅಂತ ಕೇಳಿದ್ಯಾ?"

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಅವನಿಗೆ ನಗು ಬರಲಿಲ್ಲ. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಗೋಡೆ ನೋಡುತ್ತ ನಿಂತೇ ತಿಂದ. ಮಾಂಸ ಅಮ್ಮನದರ ಹಾಗೆಯೇ ಬಂದಿತ್ತು, ಅದಕ್ಕೂ ಅವನಿಗೆ ಸಿಟ್ಟೇ ಬಂತು.

ಸೋಮವಾರ ಅಪ್ಪನನ್ನು ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಕರೆದೊಯ್ದು, ಮೂರನೆಯ ಸೆಟ್ಟು ಹಾಕಿಸಿ, ಕೈಗೊಂದು ಬಿಸ್ಕತ್ತು ಕೊಟ್ಟು ಎದುರಿಗೇ ಅಗಿಯಲು ಹೇಳಿದ. ನಿಜ, ಸದ್ದು ಬರುತ್ತಿತ್ತು. ಮೇಲಿನ ಸಾಲು ಕೂದಲೆಳೆಯಷ್ಟು ಎತ್ತರವಾಗಿತ್ತು. ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲೆಲ್ಲ ಉಜ್ಜಿದ. ಅಪ್ಪ ಪಕ್ಕದಲ್ಲಿ ಕೂತು, "ಇನ್ನೂ ಸ್ವಲ್ಪ. ಅಲ್ಲಲ್ಲ, ಈ ಕಡೆ. ಕೀಲು ಹೀಗಾ ಕೂರಿಸೋದು?" ಎನ್ನುತ್ತಲೇ ಇದ್ದ. ಸಂಜೆಯ ಹೊತ್ತಿಗೆ ಸದ್ದು ಹೋಯಿತು, ಮಗನ ತಾಳ್ಮೆಯೂ ಹೋಯಿತು.

ಈಗ ಅಪ್ಪ ದಿನಾ ಹಲ್ಲು ಹಾಕಿಕೊಂಡೇ ಉಣ್ಣುತ್ತಾನೆ, ಕಾಲರು ಮತ್ತೆ ಕುತ್ತಿಗೆಗೆ ಸರಿಹೊಂದಿದೆ. ಆದರೆ ಮನೆಗೆ ಯಾರಾದರೂ ಬಂದರೆ ಸಾಕು, ಹಲ್ಲು ತೆಗೆದು ಜೇಬಿಗಿಡುತ್ತಾನೆ. ಯಾಕೆ ಅಂತ ಕೇಳಿದರೆ, "ಹೊಸದು ನೋಡು, ಸವೆದುಹೋಗುತ್ತೆ" ಅನ್ನುತ್ತಾನೆ. ಬಂದವರು ಬೊಚ್ಚುಬಾಯಿ ನೋಡಿ, ಹಲ್ಲಪ್ಪನ ಕಡೆ ತಿರುಗಿ, "ಏನಪ್ಪಾ, ಹೆತ್ತ ಅಪ್ಪನಿಗೊಂದು ಸೆಟ್ಟು ಮಾಡ್ಕೊಡಬಾರದಾ?" ಎಂದು ಕೇಳುತ್ತಾರೆ.