ಅಕ್ಕಡಿ ಸಾಲಿಗೊಂದು ಮಷಿನ್

ಕಳೆದ ಭಾನುವಾರ ಆನೇಕಲ್ ಹತ್ತಿರದ ನಮ್ಮೂರಿಗೆ ಹೋಗಿ, ಬಿತ್ತನೆ ಬೀಜವನ್ನು ಊಟ ಮಾಡಿ ಬಂದೆ.

ರುಚಿಯಾಗಿತ್ತು. ಅದೇ ಸಂಕಟ.

ರಾಗಿ ಬಿತ್ತನೆಗೆ ಕೈಜೋಡಿಸೋಣ ಎಂದು ಹೋಗಿದ್ದೆ. (ಪೀಣ್ಯದಿಂದ ಮೂರು ಬಸ್ಸು, ಒಂದು ಒಳ್ಳೆಯ ನಿದ್ದೆ.) ಅಮ್ಮ ಮುದ್ದೆಯ ಪಕ್ಕಕ್ಕೆ ಅವರೆಕಾಳಿನ ಸಾರು ಬಿಟ್ಟಳು. "ಈ ಕಾಲದಲ್ಲಿ ಅವರೆ ಎಲ್ಲಿತ್ತಮ್ಮ?" ಎಂದೆ.

"ಬೀಜಕ್ಕಿಟ್ಟಿದ್ದು. ಈ ಸಲ ಅಕ್ಕಡಿ ಆಕಲ್ಲ. ಉಣ್ಣು."

ರಾಗಿ ಹೊಲದಲ್ಲಿ ಕೆಲವು ಸಾಲಿಗೊಮ್ಮೆ ಒಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತೇವಲ್ಲ, ಅದು ಅಕ್ಕಡಿ. ಹುಚ್ಚೆಳ್ಳು ಹೂ ಬಿಟ್ಟರೆ ಜೇನು ಬರುತ್ತಿತ್ತು. ಅವರೆ ಮಣ್ಣಿಗೂ ಊಟ ಹಾಕುತ್ತಿತ್ತು, ನಮಗೂ. ಕಾಯಿ ಕಿತ್ತ ಕೈಗೆ ಸೊಗಡು ಅಂಟಿಕೊಂಡು, ಮಲಗುವವರೆಗೂ ಘಮ್ಮೆನ್ನುತ್ತಿತ್ತು. ಪೀಣ್ಯದ ಫ್ಯಾಕ್ಟರಿಯ ಆಯಿಲ್ ವಾಸನೆಯ ನಡುವೆಯೂ ಒಮ್ಮೊಮ್ಮೆ ಅದು ಮೂಗಿಗೆ ಬಡಿಯುತ್ತದೆ. ನಂಬುತ್ತೀರಾ?

ಮಿಶ್ರ ಬೆಳೆ ಹಾಕಿದರೆ ಮಣ್ಣು ಉಳಿಯುತ್ತದೆ ಎಂದು ಈಗ ವಿಜ್ಞಾನಿಗಳೂ ಹೇಳುತ್ತಾರೆ ಎಂದೆ.

"ಅವ್ರು ಕುಯ್ಯಾಕ್ ಬತ್ತಾರಾ? ಎಂಗಸ್ರೆಲ್ಲ ವ್ಯಾನ್ ಅತ್ಕೊಂಡು ಬೊಮ್ಮನಳ್ಳಿ ಗಾರ್ಮೆಂಟ್ಸ್‌ಗೆ ಓಯ್ತಾರೆ. ಓದ್ಸಲ ರಾಗಿ ಕುಯ್ಯೋ ಮಷಿನ್ನೋನು ಒಲ ನೋಡಿ ಏನಂದ ಗೊತ್ತಾ? 'ಅಕ್ಕಾ, ಬರೀ ರಾಗಿ ಇದ್ರೆ ಕರೀರಿ, ಈ ಕಾಡೊಳಕ್ಕೆ ನಾನ್ ಗಾಡಿ ಇಳ್ಸಲ್ಲ' ಅಂದ."

ಅವನದೂ ತಪ್ಪಲ್ಲ. ರಾಗಿ ಒಣಗಿ ನಿಂತಾಗ ಅವರೆ ಇನ್ನೂ ಹೂವು, ಪೀಚು. ಮಷಿನ್‌ಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು?

"ಓದಿದ್ದೀಯಲ್ಲ ಅಮ್ಮಣ್ಣಿ," ಅಮ್ಮ ಇನ್ನೊಂದು ಸೌಟು ಬಡಿಸಿದಳು. "ರಾಗಿ ಕುಯ್ದು ಅವರೆ ಬಿಡೋ ಮಷಿನ್ ನೀನೇ ಮಾಡ್ಕೊಡು. ಆಮೇಲೂ ನಾನ್ ಅಕ್ಕಡಿ ಆಕ್ದಿದ್ರೆ ಕೇಳು."

ನಮ್ಮ ಮನೆಯಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. (ಹೆಮ್ಮೆಯಿದೆ. ಮುಚ್ಚಿಡಲೇಕೆ?) ಮಷಿನ್ ಪಾರ್ಟ್ಸ್ ಡಿಸೈನ್ ಮಾಡುವುದೇ ನನ್ನ ಕೆಲಸ. ಸೋಮವಾರ ಮ್ಯಾನೇಜರ್ ಮುಂದೆ ವಿಷಯ ಇಟ್ಟೆ.

"ಐಡಿಯಾ ಸಕ್ಕತ್ತಾಗಿದೆ ಮೇಡಂ," ಎಂದರು. "ಆದ್ರೆ ಅಂಗೈ ಅಗಲದ ಹೊಲಕ್ಕೆ ಮಷಿನ್ ಮಾಡಿ ಯಾರಿಗ್ ಮಾರೋಣ?"

ಒಂದೇ ಬೆಳೆಯ ದೊಡ್ಡ ಹೊಲಕ್ಕೆ ಮಷಿನ್ ಇದೆ. ಮಣ್ಣು ಉಳಿಸಿ ಎನ್ನುವ ಸಂಶೋಧನೆಯೂ ಇದೆ. ಇವೆರಡರ ಮಧ್ಯೆ ನಮ್ಮಮ್ಮನ ಹೊಲ ಇದೆ. ಅಲ್ಲಿಗೆ ಎರಡೂ ಬಂದಿಲ್ಲ.

ನಾನಂತೂ ಬಿಟ್ಟಿಲ್ಲ. ಊಟದ ಬಿಡುವಿನಲ್ಲಿ ಡ್ರಾಯಿಂಗ್ ಶುರು ಮಾಡಿದ್ದೇನೆ. ಇಂದಲ್ಲ ನಾಳೆ ಅಂಥ ಮಷಿನ್ ಬಂದೇ ಬರುತ್ತದೆ. ನಾನು ಮಾಡದಿದ್ದರೆ ಇನ್ನೊಬ್ಬಳು ಮಾಡುತ್ತಾಳೆ.

ಅಷ್ಟು ಹೊತ್ತಿಗೆ ನಮ್ಮೂರಿನ ಯಾರ ಮನೆಯಲ್ಲಾದರೂ ಅವರೆ ಬೀಜ ಉಳಿದಿರುತ್ತದೆಯೇ?