ಹೆಸರು ಹೇಳದೆ ಹುಡುಕಿದವಳು

ಬೋಳಾರದ ದೇಯಕ್ಕನನ್ನು ಮುದುಕಿಯಾದ ಮೇಲೆ ಕಂಡವರು, ಇವಳು ಮಂಗಳೂರಿನ ಸಂದಿಗೊಂದಿಗಳನ್ನೆಲ್ಲ ಹುಟ್ಟಿದಾಗಿನಿಂದ ಬಲ್ಲವಳೆಂದೇ ತಿಳಿದಿದ್ದರು. ಅದು ಸುಳ್ಳು. ಮೊದಲ ಸಲ ಈ ಊರಿಗೆ ಕಾಲಿಟ್ಟಾಗ ಅವಳಿಗೆ ಇಲ್ಲಿ ಎರಡು ಹೊಳೆಗಳಿವೆ ಎಂಬುದೂ ಗೊತ್ತಿರಲಿಲ್ಲ. ಆ ಒಂದು ಗೊತ್ತಿಲ್ಲದಿರುವಿಕೆಯಿಂದ ಅವಳು ಗಂಡನನ್ನೇ ಕಳೆದುಕೊಳ್ಳುವುದರಲ್ಲಿದ್ದಳು.

ಜರ್ಮನಿಯವರ ಜೊತೆ ಮೊದಲ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಪಡೀಲಿನಿಂದ ಆಚೆ, ಅಡ್ಯಾರಿನಲ್ಲಿ, ನೇತ್ರಾವತಿಯ ದಂಡೆಯ ಮೇಲೆ ದೇಯಿಯ ಮನೆ. ಅಳಿಯಸಂತಾನದ ಮನೆಯಾದ್ದರಿಂದ ಯಜಮಾನಿಕೆಯೆಲ್ಲ ಸೋದರಮಾವ ಮುದ್ದುವಿನದು. ಅವಳ ಗಂಡ ಅಲ್ಲಿಗೆ ಬಂದು ಇದ್ದು, ಗದ್ದೆ ಕೆಲಸ ಮಾಡಿಕೊಂಡಿದ್ದವನು. ಅವನ ಹೆಸರನ್ನು ಅವಳು ಹೇಳುವಂತಿಲ್ಲ. ನಮಗೇನು, ಹೇಳಬಹುದು: ಗುರುವಪ್ಪ. ಹೊಸ ಅಕ್ಕಿ ಊಟದ ದಿನ ಹತ್ತು ಜನರ ಮುಂದೆ ಮುದ್ದು ಮಾವ ಅವನಿಗೆ, ದುಡಿಯುವುದಕ್ಕಿಂತ ಉಣ್ಣುವುದರಲ್ಲೇ ನಿನ್ನ ಕೈ ಮುಂದೆ ಎಂದುಬಿಟ್ಟ. ಗುರುವಪ್ಪ ಅರ್ಧ ಉಂಡ ಎಲೆ ಬಿಟ್ಟು ಎದ್ದ. ಮಂಗಳೂರಿನಲ್ಲಿ ಹೊಳೆ ಬದಿಯ ಯಾವುದೋ ಹಂಚಿನ ಕಾರ್ಖಾನೆಗೆ ಸೇರಿದ್ದಾನೆಂದು ಯಾರೋ ಹೇಳಿದರು. ಆಮೇಲೆ ಅವನ ಸುದ್ದಿಯಿಲ್ಲ.

ಮುದ್ದು ಮಾವ ಕಾದ. ಕಾದದ್ದು ಅವನ ದೊಡ್ಡತನ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಕೊನೆಗೆ ತುಂಬೆಯ ಒಬ್ಬ ವಿಧುರನಿಗೆ ಮಾತು ಕೊಟ್ಟ. ಬಿಟ್ಟುಹೋದವನ ಹೆಂಡತಿಯನ್ನು ಇನ್ನೊಬ್ಬನಿಗೆ ಕೈಹಿಡಿಸುವುದು ಆ ಜನರಲ್ಲಿ ತಪ್ಪಲ್ಲ, ನಾಲ್ಕು ಜನ ಹಿರಿಯರು ಕೂತರೆ ಮುಗಿಯಿತು. ನಾಡಿದ್ದು ಸಂಜೆಯೊಳಗೆ ಅವನು ಬಂದು ಈ ಮೆಟ್ಟಿಲು ಹತ್ತಿದರೆ ಸರಿ, ಇಲ್ಲದಿದ್ದರೆ ನಾನು ಕೊಟ್ಟ ಮಾತು ಉಳಿಯಬೇಕು ಎಂದ. ದೇಯಿ ತಮ್ಮ ಬೂಬನನ್ನು ಜೊತೆಗೆ ಬಾ ಎಂದು ಕರೆದಳು. ಅವನಿಗೆ ಮಾವನ ಹೆದರಿಕೆ. ಎದೆಹಾಲು ಬಿಟ್ಟ ಮಗಳು ಕುಶಲಾಳನ್ನು ಅಮ್ಮನ ಮಡಿಲಿಗೆ ಹಾಕಿ, ಬೆಳಕು ಹರಿಯುವ ಹೊತ್ತಿಗೆ ಒಬ್ಬಳೇ ಹೊರಟಳು.

ಗಂಡನ ಹೆಸರು ಬಾಯಿಯಿಂದ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಅವಳಿಗೆ ಬರೀ ಪದ್ಧತಿಯಾಗಿರಲಿಲ್ಲ. ಬೆಂಕಿ ಸುಡುತ್ತದೆ ಎಂಬಷ್ಟು ನಿಜವಾಗಿತ್ತು. ಊರಲ್ಲಿ ಅದರಿಂದ ತೊಂದರೆಯೇನಿಲ್ಲ. ‘ಕುಶಲಾನ ಅಪ್ಪ’ ಎಂದರೆ ಅಡ್ಯಾರಿನ ನಾಯಿಗೂ ಗೊತ್ತಾಗುತ್ತಿತ್ತು. ಅದೇ ಮಾತನ್ನು ಕಟ್ಟಿಕೊಂಡು ಪೇಟೆಗೆ ಬಂದದ್ದು ಅವಳ ದಡ್ಡತನ.

ಕಂಕನಾಡಿಗೆ ಬಂದಾಗ ಇಗರ್ಜಿಯ ಗಂಟೆ ಬಾರಿಸುತ್ತಿತ್ತು. ಬಿಳಿ ಬಟ್ಟೆಯನ್ನು ತಲೆಗೆ ಹೊದ್ದ ಹೆಂಗಸರು ಗುಂಪಾಗಿ ಇಳಿದು ಬರುತ್ತಿದ್ದರು. ಯಾವುದೋ ಗೂಡಿನಿಂದ ರೊಟ್ಟಿ ಬೇಯುವ ವಾಸನೆ. ಒಂದು ಜಗಲಿಯಲ್ಲಿ ಚುಟ್ಟಾ ಸೇದುತ್ತಿದ್ದ ಝೇವಿಯರ್ ಎಂಬ ಮುದುಕನನ್ನು, ಹೊಳೆ ಬದಿಯ ಹಂಚಿನ ಕಾರ್ಖಾನೆ ಎಲ್ಲಿ ಎಂದು ಕೇಳಿದಳು. ಅವನು ಕೋಲೆತ್ತಿ ಪಡುವಣಕ್ಕೆ ತೋರಿಸಿ, ಪೇಟೆ ದಾಟಿ ಉರ್ವದ ದಾರಿ ಹಿಡಿ ಎಂದ. ಪಾಪ, ಅವನು ಹೇಳಿದ್ದು ತಪ್ಪಲ್ಲ. ಅಲ್ಲಿಯೂ ಹೊಳೆ ಉಂಟು, ಕಾರ್ಖಾನೆಯೂ ಉಂಟು.

ಹಂಪನಕಟ್ಟೆಯಲ್ಲಿ ಜಟಕಾಗಳ ನಡುವೆ ಸಿಕ್ಕಿ ಅವಳಿಗೆ ಕಣ್ಣು ಕತ್ತಲೆ ಬಂತು. ಇಷ್ಟು ಜನ ಒಟ್ಟಿಗೆ ನಡೆದಾಡುತ್ತಿದ್ದರೂ ಒಬ್ಬರೂ ಒಬ್ಬರ ಕ್ಷೇಮ ಕೇಳದಿರುವುದು ಅವಳಿಗೆ ಅರ್ಥವಾಗಲಿಲ್ಲ. ರಥಬೀದಿಯಲ್ಲಿ ಇಂಗಿನ ವಾಸನೆ, ಮಲ್ಲಿಗೆಯ ವಾಸನೆ, ಕಂಚಿನ ಪಾತ್ರೆಗಳ ಅಂಗಡಿ. ಕೊಂಕಣಿ ಹೆಂಗಸರು ಬಾಗಿಲಲ್ಲಿ ನಿಂತು ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೀದಿಯ ನಡುವೆ ನಡೆಯಬಹುದೋ ಬದಿಯಲ್ಲೇ ಹೋಗಬೇಕೋ ತಿಳಿಯದೆ ಅವಳು ಗೋಡೆಗೆ ಅಂಟಿಕೊಂಡು ದಾಟಿದಳು. ಮಾತಾಡಿಸಿದರೆ ಯಾವ ಭಾಷೆಯಲ್ಲಿ ಉತ್ತರ ಕೊಡುವುದು ಎಂಬ ಹೆದರಿಕೆ ಬೇರೆ.

ಉರ್ವ ಕಳೆದು ತೆಂಗಿನ ತೋಟಗಳ ನಡುವೆ ನಡೆದು ಹೊಳೆ ಕಂಡಾಗ ಅವಳು ನಿಂತಲ್ಲೇ ನಿಂತುಬಿಟ್ಟಳು. ಆ ನೀರು, ಆ ದಡ, ಯಾವುದೂ ಅವಳದಲ್ಲ. ಇದು ನೇತ್ರಾವತಿಯಲ್ಲವೇ ಎಂದು ಕೇಳಿದಾಗ ಕಾರ್ಖಾನೆಯ ಬಾಗಿಲಲ್ಲಿದ್ದ ಕಾವಲುಗಾರ, ಇದು ಗುರುಪುರ ಹೊಳೆ, ನಿನ್ನ ನೇತ್ರಾವತಿ ಇರುವುದು ಊರಿನ ಆ ತಲೆಯಲ್ಲಿ ಎಂದ. ಯಾರು ಬೇಕು ಎಂದು ಕೇಳಿದ. ಕುಶಲಾನ ಅಪ್ಪ ಎಂದಳು. ಅಲ್ಲಿದ್ದ ಗಂಡಸರು ಗೊಳ್ಳೆಂದು ನಕ್ಕರು. ಹೆಸರು ಹೇಳು ಎಂದಾಗ ಅವಳು ನೆಲ ನೋಡಿದಳು. ಎಡಹುಬ್ಬಿನಲ್ಲಿ ಕತ್ತಿ ತಾಗಿದ ಗಾಯದ ಕಲೆ ಉಂಟು, ಸ್ವಲ್ಪ ಮುಂದೆ ಬಾಗಿ ನಡೆಯುತ್ತಾರೆ ಎಂದೆಲ್ಲ ಹೇಳಿದಳು. ಅವರೊಳಗೆ ಅಂಥವರು ಯಾರೂ ಇರಲಿಲ್ಲ. ಜೆಪ್ಪು, ಬೋಳಾರದ ಕಡೆ ಹೋಗಿ ನೋಡು, ಅಲ್ಲಿ ಚಿಮಣಿಗಳದೇ ಕಾಡು ಎಂದು ಕಾವಲುಗಾರ ಕನಿಕರದಿಂದ ಹೇಳಿದ.

ಬಿಸಿಲು ಏರಿತ್ತು. ಬೆಳಗಿನಿಂದ ಹೊಟ್ಟೆಗೆ ನೀರಲ್ಲದೆ ಏನೂ ಬಿದ್ದಿರಲಿಲ್ಲ. ಹೊಳೆಯ ಬದಿ ಹಿಡಿದು ಕುದ್ರೋಳಿ ದಾಟಿ ಬಂದರಿಗೆ ಬಂದಳು. ಒಣಮೀನಿನ ಗಬ್ಬು, ಕಾಫಿ ಬೀಜದ ಮೂಟೆಗಳು, ಟೊಪ್ಪಿ ಹಾಕಿದ ಬ್ಯಾರಿ ವ್ಯಾಪಾರಿಗಳ ಕೂಗಾಟ, ಉದ್ದ ಅಂಗಿಯ ಅರಬರು. ಒಂದು ಉದ್ದನೆಯ ಚಪ್ಪರದ ಕೆಳಗೆ ನೂರಾರು ಗಂಡಸರು ಗಂಟು ಹಿಡಿದು ಕೂತಿದ್ದರು. ಪರಗಂಡಸರ ಅಂಥ ಹಿಂಡನ್ನು ಪ್ರಾಯದ ಹೆಂಗಸು ದಿಟ್ಟಿಸಿ ನೋಡುವುದುಂಟೇ? ಸೆರಗು ಎಳೆದುಕೊಂಡು, ಮುಖ ತಿರುಗಿಸಿ, ಓಡಿದಂತೆ ಮುಂದೆ ಹೋದಳು.

ಹೊಯ್ಗೆಬಜಾರ್, ಬೋಳಾರ, ಜೆಪ್ಪು. ಅಲ್ಲಿ ಮಣ್ಣೂ ಕೆಂಪು, ಮರದ ಎಲೆಗಳೂ ಕೆಂಪು, ಜನರ ಮೊಣಕೈವರೆಗೂ ಕೆಂಪು. ಹೊಳೆ ಈಗ ಅವಳದೇ; ಅದನ್ನು ಕಂಡು ಅಳು ಬಂತು. ಒಂದೊಂದು ಕಾರ್ಖಾನೆಯ ಮುಂದೆಯೂ ಅದೇ ಪ್ರಶ್ನೆ, ಅದೇ ನಗು. ಕೊನೆಗೆ ಜೆಪ್ಪುವಿನಲ್ಲಿ ಜೇಡಿಮಣ್ಣು ಹೊರುತ್ತಿದ್ದ ಒಲಿಂಡಾ ಎಂಬ ಹೆಂಗಸು ಬುಟ್ಟಿ ಇಳಿಸಿ ಇವಳ ಮುಂದೆ ನಿಂತಳು. ಮಾತು ಒರಟು, ಕರುಳು ಒಳ್ಳೆಯದು.

“ಹೆಸರು ಹೇಳದಿದ್ದರೆ ಹುಡುಕುದು ಹೇಗೆ ಮಾರಾಯ್ತಿ? ನಾನು ಒಂದೊಂದೇ ಹೇಳ್ತೇನೆ. ಸರಿಯಾದದ್ದು ಬಂದಾಗ ನೀನು ತಲೆ ಆಡಿಸು.”

ಒಲಿಂಡಾ ತಾನು ಬಲ್ಲ ಹೆಸರುಗಳನ್ನೆಲ್ಲ ಹೇಳುತ್ತ ಹೋದಳು. ಸುತ್ತ ನಿಂತ ಹೆಂಗಸರು ತಮ್ಮ ಗಂಡಂದಿರ ಹೆಸರು ಬಿಟ್ಟು ಉಳಿದವರದೆಲ್ಲ ಸೇರಿಸಿದರು. ಪ್ರತಿ ಹೆಸರಿಗೂ ದೇಯಿ ಇಲ್ಲವೆಂದು ತಲೆಯಾಡಿಸಿದಳು. ಕೆಲಸದ ಮೇಸ್ತ್ರಿ ಎರಡು ಸಲ ಬಂದು ಗದರಿಸಿ ಹೋದ. ಹೀಗೆ ಎಷ್ಟೋ ಹೊತ್ತು ಕಳೆದ ಮೇಲೆ ಯಾರೋ ಗುರುವಪ್ಪ ಎಂದರು. ದೇಯಿಯ ಕಣ್ಣಿನಿಂದ ನೀರು ಹರಿಯಿತು. ಒಲಿಂಡಾಳ ಮುಖ ಮಾತ್ರ ಸಣ್ಣದಾಯಿತು.

“ಹುಬ್ಬಿನ ಮೇಲೆ ಕಲೆ ಇರುವವರಾ? ಅವರು ಬಸ್ರಾಕ್ಕೆ ಹೊರಟ್ರಲ್ಲ. ಯುದ್ಧದ ಕೂಲಿ ಕೆಲಸಕ್ಕೆ ಹೆಬ್ಬೆಟ್ಟು ಒತ್ತಿದ್ದಾರೆ. ಇವತ್ತಿನ ಹಡಗು. ಬೆಳಿಗ್ಗೆಯಿಂದ ಬಂದರಿನ ಚಪ್ಪರದಲ್ಲಿ ಕೂತಿದ್ದಾರೆ.”

ದೇಯಿ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತುಬಿಟ್ಟಳು. ಆ ಚಪ್ಪರದ ಪಕ್ಕದಲ್ಲೇ ಮಾನ ಕಾಪಾಡಿಕೊಂಡು ಮುಖ ತಿರುಗಿಸಿ ಬಂದಿದ್ದಳು. ಒಲಿಂಡಾ ರಟ್ಟೆ ಹಿಡಿದು ಎಬ್ಬಿಸಿದಳು. ಹಡಗು ನಿಲ್ಲುವುದು ಹೊಳೆ ಸಮುದ್ರ ಸೇರುವ ಅಳಿವೆಯ ಆಚೆ, ಜನರನ್ನು ದೋಣಿಯಲ್ಲಿ ಕೊಂಡುಹೋಗುತ್ತಾರೆ, ನೀರು ಏರಿದ ಕೂಡಲೇ ದೋಣಿ ಬಿಡುತ್ತಾರೆ, ಈಗ ಏರುವ ಹೊತ್ತೇ, ಓಡು ಎಂದಳು.

ಆ ಓಟವನ್ನು ದೇಯಿ ಕೊನೆಯವರೆಗೂ ಕನಸಿನಲ್ಲಿ ಓಡುತ್ತಿದ್ದಳಂತೆ. ಬೆಳಗಿನಿಂದ ಕಂಡ ಊರು ಈಗ ಅವಳಿಗೆ ಊರಾಗಿ ಕಾಣಲಿಲ್ಲ. ದಾರಿಗೆ ಅಡ್ಡ ಬರುವ ಗಾಡಿ, ದನ, ಗೋಡೆ, ಜನ ಇಷ್ಟೇ. ತುಂಬೆಯ ವಿಧುರನ ಯೋಚನೆಯೂ ಬರಲಿಲ್ಲ. ಬಸ್ರಾ ಎಂದರೆ ಖರ್ಜೂರ ಬರುವ ಕಡೆ ಎಂದು ಮಾತ್ರ ಅವಳು ಕೇಳಿದ್ದಳು. ಅಲ್ಲಿ ಈಗ ಗುಂಡು ಹಾರುತ್ತವೆ ಎಂದು ಒಲಿಂಡಾ ಹೇಳಿದ್ದಳು.

ಚಪ್ಪರ ಖಾಲಿಯಾಗಿತ್ತು. ದೋಣಿ ಕಟ್ಟುವ ದಕ್ಕೆಯಿಂದ ದೋಣಿಗಳು ಒಂದರ ಹಿಂದೆ ಒಂದು ಬಿಟ್ಟಿದ್ದವು. ಕೊನೆಯದು ಆಗಷ್ಟೇ ಹಗ್ಗ ಬಿಚ್ಚಿ ದಡದಿಂದ ಸರಿದಿತ್ತು. ಅದರ ಹಿಂಬದಿಯಲ್ಲಿ, ಇವಳಿಗೆ ಬೆನ್ನು ಹಾಕಿ, ಸ್ವಲ್ಪ ಮುಂದೆ ಬಾಗಿ ಕೂತವನನ್ನು ಅವಳು ಗುರುತು ಹಿಡಿದಳು. ಪಕ್ಕದಲ್ಲಿ ಮೂಟೆ ಇಳಿಸಿ ಬೆವರು ಒರೆಸುತ್ತಿದ್ದ ಹಸನಬ್ಬ ಎಂಬ ಹಮಾಲಿಯ ತೋಳು ಹಿಡಿದು, ಅವರನ್ನು ಕರೆಯಿರಿ ಎಂದು ಅಂಗಲಾಚಿದಳು.

“ಯಾರನ್ನು? ಹೆಸರು ಎಂತ?” ಎಂದ ಹಸನಬ್ಬ.

ಮತ್ತೆ ಅದೇ. ಇವನು ಒಂದೊಂದೇ ಹೆಸರು ಹೇಳಿ, ಇವಳು ತಲೆಯಾಡಿಸಿ, ಸರಿಯಾದದ್ದು ಬರುವಷ್ಟರಲ್ಲಿ ದೋಣಿ ಅಳಿವೆ ಮುಟ್ಟುತ್ತಿತ್ತು. ಕರೆಯದಿದ್ದರೆ ಅವನು ಗುಂಡಿನ ಬಾಯಿಗೆ ಹೋಗುತ್ತಾನೆ. ಕರೆದರೆ ಅವಳ ಬಾಯಿಯೇ ಅವನ ಆಯುಷ್ಯ ತಿನ್ನುತ್ತದೆ. ಯಾವ ಕಡೆ ತಿರುಗಿದರೂ ಅವನ ಸಾವಿಗೆ ತಾನೇ ಕಾರಣಳಾಗುವಂತೆ ಕಂಡಿತು. ದೋಣಿಯವನು ಗಳೆ ಊರಿ ಇನ್ನೊಮ್ಮೆ ತಳ್ಳಿದ. ದೇಯಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಗಂಟಲು ಹರಿಯುವಂತೆ ಕೂಗಿದಳು.

“ಗುರುವಪ್ಪಾ...”

ಕಣ್ಣು ತೆರೆದಾಗ ಅವನು ಹಾಗೇ ಕೂತಿದ್ದ. ತಿರುಗಲಿಲ್ಲ. ಅವನಿಗೆ ಕೇಳಲಿಲ್ಲವೆಂದಲ್ಲ. ಆ ಹೆಸರು ಹಿಡಿದು ಕರೆಯುವ ಹೆಂಗಸೆಂದರೆ ಅವನ ತಾಯಿ ಒಬ್ಬಳೇ ಇದ್ದದ್ದು, ಅವಳು ಸತ್ತು ಹೋಗಿದ್ದಳು. ಊರಲ್ಲಿ ಗುರುವಪ್ಪಂದಿರು ಬೇಕಾದಷ್ಟು ಇರುತ್ತಾರೆ. ಯಾರೋ ಯಾರನ್ನೋ ಕರೆಯುತ್ತಾರೆ ಎಂದು ಅವನು ಸಮುದ್ರದ ಕಡೆ ನೋಡುತ್ತ ಕೂತಿದ್ದ. ತಗಲಬಾರದ ಪಾಪ ತಗಲಿಯಾಯಿತು, ಗಂಡನೂ ಸಿಗಲಿಲ್ಲ. ದೇಯಿಗೆ ಆಗ ಬಂದದ್ದು ದುಃಖವಲ್ಲ, ಸಿಟ್ಟು. ಹೆಸರಿಲ್ಲದೆ ಇಷ್ಟು ವರ್ಷ ಗದ್ದೆಯ ಅಂಚಿನ ಹುಣಿಯ ಮೇಲೆ ನಿಂತು ಮಧ್ಯಾಹ್ನ ಹೇಗೆ ಕರೆಯುತ್ತಿದ್ದಳೋ, ಹಾಗೇ ಸೊಂಟಕ್ಕೆ ಕೈಕೊಟ್ಟು ಕೂಗಿದಳು.

“ಓ... ಗಂಜಿ ಆರ್ತಾ ಉಂಟು...”

ದಕ್ಕೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ದೋಣಿಯಲ್ಲಿ ಒಬ್ಬ ಮಾತ್ರ ನಗದೆ, ಕುಳಿತಲ್ಲಿಂದ ಧಡಕ್ಕನೆ ಎದ್ದುನಿಂತ. ದೋಣಿ ಹೊಯ್ದಾಡಿತು. ದೋಣಿಯವನು ಅವನ ವಂಶವನ್ನೆಲ್ಲ ಬೈದ. ಆಳು ಸೇರಿಸಿದ ಮೇಸ್ತ್ರಿ ಮುಂದಿನ ದೋಣಿಯಿಂದ ಹೆಬ್ಬೆಟ್ಟು, ಕೋರ್ಟು, ಜೈಲು ಎಂದೆಲ್ಲ ಅರಚಿದ. ಗುರುವಪ್ಪ ಗಂಟನ್ನು ತಲೆಯ ಮೇಲಿಟ್ಟು ಎದೆಮಟ್ಟದ ನೀರಿಗೆ ಇಳಿದೇಬಿಟ್ಟ. ಹಸನಬ್ಬ ಕೈಕೊಟ್ಟು ಎಳೆದುಕೊಂಡ.

ಒದ್ದೆ ಬಟ್ಟೆಯಲ್ಲಿ ನಡುಗುತ್ತ ನಿಂತು ಅವನು ಕುಶಲಾ ಹೇಗಿದ್ದಾಳೆ ಎಂದು ಕೇಳಿದ. ಚೆನ್ನಾಗಿದ್ದಾಳೆ ಎಂದಳು. ಮಾವ ಕೊಟ್ಟ ಮಾತಿನ ವಿಷಯ ಹೇಳಿದಳು. ಅವನು ಗಂಟನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಕೇಳಿದ.

“ಮೊದಲೊಮ್ಮೆ ಹೆಸರು ಹಿಡಿದು ಕರೆದದ್ದು ಯಾರು?”

“ಯಾರೋ. ನಾನು ನೋಡ್ಲಿಲ್ಲ,” ಎಂದಳು ದೇಯಿ.

ಹಸನಬ್ಬ ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ.

ಮಾರನೆಯ ದಿನ ಗುರುವಪ್ಪ ಅಡ್ಯಾರಿನ ಮೆಟ್ಟಿಲು ಹತ್ತಿದ, ಮಗಳನ್ನು ಎತ್ತಿಕೊಂಡ, ಹೆಂಡತಿಯನ್ನು ಕರೆದುಕೊಂಡು ಇಳಿದ. ಮುದ್ದು ಮಾವ ಎಷ್ಟೋ ವರ್ಷ ಅವರೊಡನೆ ಮಾತಾಡಲಿಲ್ಲ, ಅದರಿಂದ ಅವರಿಗೆ ನಷ್ಟವೇನೂ ಆಗಲಿಲ್ಲ. ಬಸ್ರಾಕ್ಕೆ ಆಳು ಸೇರಿಸಿದ ಮೇಸ್ತ್ರಿಯೂ ಮತ್ತೆ ಕಾಣಲಿಲ್ಲ. ಬೋಳಾರದಲ್ಲಿ ಒಂದು ಗುಡಿಸಲು, ಇಬ್ಬರಿಗೂ ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಒಲಿಂಡಾಳ ಪಕ್ಕದಲ್ಲೇ ದೇಯಿ ಮಣ್ಣು ಹೊತ್ತಳು. ಹಂಪನಕಟ್ಟೆ, ರಥಬೀದಿ, ಉರ್ವದ ಮಾರ್ಕೆಟು ಎಲ್ಲ ಅವಳ ಕಾಲಿಗೆ ರೂಢಿಯಾಯಿತು. ಹೊಸದಾಗಿ ಊರಿಗೆ ಬಂದವರು ದಾರಿ ಕೇಳಿದರೆ, ಯಾವ ಹೊಳೆ ಎಂದು ಮೊದಲು ವಿಚಾರಿಸುತ್ತಿದ್ದಳು.

ಹೊರಗಿನಿಂದ ನೋಡಿದರೆ ಸುಖದ ಸಂಸಾರ. ಒಳಗೆ ಅವಳು ಒಂದು ದಿನವೂ ನಿಶ್ಚಿಂತೆಯಾಗಿ ಬದುಕಲಿಲ್ಲ. ಗುರುವಪ್ಪ ಕೆಮ್ಮಿದರೆ ಅವಳ ಕೈಯಲ್ಲಿದ್ದದ್ದು ಬೀಳುತ್ತಿತ್ತು. ಅವನು ಹಂಚು ಸುಡುವ ಭಟ್ಟಿಯಿಂದ ಬರುವುದು ತಡವಾದರೆ ತಾನು ಕೂಗಿದ ಕೂಗೇ ಕಿವಿಯಲ್ಲಿ ಮೊಳಗುತ್ತಿತ್ತು. ಎಷ್ಟು ಕಡಿಮೆಯಾಯಿತೋ, ಒಂದು ವರ್ಷವೋ ಹತ್ತು ವರ್ಷವೋ, ಯಾರನ್ನು ಕೇಳುವುದು? ಅವನ ಜೊತೆ ದೋಣಿ ಹತ್ತಿದವರಲ್ಲಿ ಕೆಲವರು ಬಸ್ರಾದಿಂದ ಮರಳಲೇ ಇಲ್ಲ ಎಂದು ಕೇಳಿದಾಗಲೂ ಅವಳ ಭಯ ಕರಗಲಿಲ್ಲ.

ಎರಡನೆಯ ಯುದ್ಧ ಬಂತು, ಅಕ್ಕಿಗೆ ಕ್ಯೂ ನಿಲ್ಲುವ ಕಾಲ ಬಂತು. ಗುರುವಪ್ಪನ ತಲೆ ಪೂರ್ತಿ ಬೆಳ್ಳಗಾಗಿತ್ತು. ಭಟ್ಟಿಯ ಹೊಗೆ ಕುಡಿದ ಎದೆ ಒಂದು ಬೇಸಗೆಯಲ್ಲಿ ಕೈಕೊಟ್ಟಿತು. ಮಧ್ಯಾಹ್ನದ ಬಿಸಿಲಲ್ಲಿ ಚಾಪೆಯ ಮೇಲೆ ಮಲಗಿದವನು ಹೆಂಡತಿಯ ಕೈ ಹಿಡಿದು, ನಗುತ್ತಲೇ ಹೇಳಿದ.

“ಆ ದಿನ ದಕ್ಕೆಯಲ್ಲಿ ಕರೆದದ್ದು ನೀನೇ ಅಂತ ನನಗೆ ಗೊತ್ತುಂಟು. ಇನ್ನೊಮ್ಮೆ ಕರಿ. ಈ ಸಲ ತಿರುಗಿ ನೋಡ್ತೇನೆ.”

ದೇಯಿ ತಲೆಯಾಡಿಸಿದಳು. ನಾನಲ್ಲ ಎಂದಳು. ಅವನು ಮತ್ತೆ ಕೇಳಿದ, ಅವಳು ಮತ್ತೆ ನಾನಲ್ಲ ಎಂದಳು. ಉಳಿದಿರುವುದು ಒಂದೇ ಗಳಿಗೆಯಾದರೂ ಅದನ್ನು ಕಡಿಮೆ ಮಾಡಲು ಅವಳ ಮನಸ್ಸು ಒಪ್ಪಲಿಲ್ಲ.

ಸಂಜೆ ಕುಶಲಾ ಬಂದು ಅವನ ಮೂಗಿನ ಹತ್ತಿರ ಕೈಯಿಟ್ಟು ನೋಡಿ, ಗೋಡೆಗೆ ತಲೆಯಿಟ್ಟು ಅತ್ತಳು. ದೇಯಿ ಅಳಲಿಲ್ಲ. ಇನ್ನು ಕಡಿಮೆಯಾಗುವುದಕ್ಕೆ ಏನೂ ಇರಲಿಲ್ಲ. ಅವಳು ಬಗ್ಗಿ ಅವನ ಕಿವಿಯ ಹತ್ತಿರ ಬಾಯಿಟ್ಟು, ಮೆಲ್ಲಗೆ, ಗುರುವಪ್ಪ ಎಂದು ಕರೆದಳು. ಆಮೇಲೆ ಹೆಣ ಎತ್ತುವವರು ಬರುವವರೆಗೂ ಕರೆಯುತ್ತಲೇ ಇದ್ದಳು.